ಕೊಟ್ರೇಶನನ್ನು ಕರೆದ ದನಿ

ಕೊಟ್ರೇಶನನ್ನು ಯಾರ ದನಿಯಲ್ಲಿ ಕರೆಯಬೇಕು? ಸುರಂಗದ ಬಾಯಿಯ ಹತ್ತಿರ ತಗಡಿನ ಶೆಡ್ಡಿನಲ್ಲಿ ಹೂಡಿದ್ದ ಕಂಟ್ರೋಲ್ ರೂಮಿನೊಳಗೆ ಆ ಮಧ್ಯಾಹ್ನ ಇದ್ದದ್ದು ಇದೊಂದೇ ಪ್ರಶ್ನೆ. ಕರೆಯಲಿಕ್ಕೆ ಆಗುತ್ತದೋ ಇಲ್ಲವೋ ಅನ್ನುವ ಅನುಮಾನ ಯಾರಿಗೂ ಇರಲಿಲ್ಲ. ಬಂಡೆಯೊಳಗೆ ಸಿಕ್ಕಿಕೊಂಡ ಮನುಷ್ಯನನ್ನು ಹೊರಗೆ ನಿಂತು ಹೆಸರು ಹಿಡಿದು ಕರೆಯಬಹುದು ಅಂತ ಸುಮಂಗಲೆ ಕೆಲವು ವರ್ಷದ ಹಿಂದೆಯೇ ಮಾಡಿ ತೋರಿಸಿದ್ದಳು. ಆದರೆ ಒಡಹುಟ್ಟಿದ ತಮ್ಮನನ್ನೇ ಹಾಗೆ ಕರೆಯಬೇಕಾಗುತ್ತದೆ ಅಂತ ಅವಳು ಕನಸು ಮನಸಿನಲ್ಲೂ ಎಣಿಸಿರಲಿಲ್ಲ. ಎಣಿಸಿದ್ದರೆ ಏನು ಮಾಡುತ್ತಿದ್ದಳೋ, ಆ ಮಾತು ಈಗ ಯಾಕೆ.

ಹೊಳೆಯ ನೀರನ್ನು ಗುಡ್ಡದಡಿಯಿಂದ ಬಯಲಿಗೆ ಒಯ್ಯುವ ಸುರಂಗ ಅದು. ಹಿಂದಿನ ದಿನ ಬೆಳಗಿನ ಪಾಳಿ ಒಳಗಿಳಿದ ಸ್ವಲ್ಪ ಹೊತ್ತಿಗೆ ಚಾವಣಿ ಕುಸಿದು ಏಳು ಜನ ಒಳಗೇ ಉಳಿದಿದ್ದರು. ಯಾರು ಎಲ್ಲಿದ್ದಾರೆ ಅಂತ ತಿಳಿಸುವ ಹೆಲ್ಮೆಟ್ಟಿನ ಚಿಪ್‌ಗಳು ಕೆಡುವ ಮೊದಲು ಕೊಟ್ಟ ಸುದ್ದಿಯ ಪ್ರಕಾರ ಐದು ಜನ ಎಡಗಡೆಯ ಕವಲಿನಲ್ಲಿ. ಪಾಳಿಯ ಮೇಸ್ತ್ರಿ ಕೊಟ್ರೇಶ ಮತ್ತು ಅವನ ಕೈಕೆಳಗೆ ಡ್ರಿಲ್ ಹಿಡಿಯುತ್ತಿದ್ದ ದಿಬಾಕರ ಎಂಬ ಒಡಿಶಾದವನು ಬಲಗಡೆಯ ಕೊನೆಯಲ್ಲಿ. ಬಂಡೆ ಕೊರೆಯುವ ದೊಡ್ಡ ಯಂತ್ರ ಇದ್ದದ್ದು ಒಂದು. ಯಾವ ಕಡೆಯವರು ಓಗೊಡುತ್ತಾರೋ ಆ ಕಡೆಗೆ ಯಂತ್ರ ಮೊದಲು ಹೋಗುತ್ತದೆ. ಓಗೊಡದಿದ್ದರೆ ಅಲ್ಲಿರುವುದು ಹೆಣ ಅಂತಲೇ ಲೆಕ್ಕ, ಅದನ್ನು ಆಮೇಲೆ ನೋಡಿಕೊಂಡರಾಯಿತು. ಕೇಳಲಿಕ್ಕೆ ಕಟುಕರ ಮಾತಿನ ಹಾಗಿದೆಯಲ್ಲವೇ? ಇದನ್ನು ಕಂಪನಿಯವರು ಮಾಡಿದ್ದಲ್ಲ. ಸುಮಂಗಲೆಯೇ ಕೂತು ಮಾಡಿಕೊಟ್ಟ ನಿಯಮ.

ಸುಮಂಗಲೆ ಎಂಜಿನಿಯರಲ್ಲ. ಹೊಸಪೇಟೆಯ ಕಾಲೇಜೊಂದರಲ್ಲಿ ಧ್ವನಿಕಲೆ ಕಲಿಸುವವಳು. ಧ್ವನಿಕಲೆ ಅಂದರೆ ಸಂಗೀತ ಅಂದುಕೊಂಡು ಹಾಡು ಹೇಳ್ರಿ ಅನ್ನುವವರಿಗೆ ಅವಳು ಉತ್ತರ ಕೊಟ್ಟು ಕೊಟ್ಟು ಸಾಕಾಗಿದ್ದಳು. ಅವಳು ಹತ್ತಾರು ವರ್ಷ ಊರೂರು ತಿರುಗಿ ಕಟ್ಟಿಕೊಂಡದ್ದು ಒಂದೇ ವಿಷಯ: ಜನ ಒಬ್ಬರನ್ನೊಬ್ಬರು ಹೇಗೆ ಕರೆಯುತ್ತಾರೆ. ಮಾತಾಡುವ ದನಿಯೇ ಬೇರೆ, ಕರೆಯುವ ದನಿಯೇ ಬೇರೆ. ಕರೆಯುವಾಗ ಹೆಸರಿನ ಕೊನೆಯನ್ನು ಎಳೆಯುತ್ತೇವೆ. ಆ ಎಳೆತದಲ್ಲೇ ಕರೆಯುವವರು ಎಷ್ಟು ದೂರ ಇದ್ದಾರೆ, ಸಿಟ್ಟಿನಲ್ಲಿದ್ದಾರೋ ಅಕ್ಕರೆಯಲ್ಲಿದ್ದಾರೋ, ಒಲೆಯ ಮೇಲೆ ಏನಾದರೂ ಇದೆಯೋ, ಎಲ್ಲ ಗೊತ್ತಾಗುತ್ತದೆ. ಹತ್ತಿ ಹಿಂಜುವ ಹಳೆಯ ಗೋದಾಮಿನಲ್ಲಿ ಅವಳೊಂದು ಪ್ರದರ್ಶನ ಮಾಡಿದ್ದಳು. ಒಳಗೆ ಏನೂ ಇಲ್ಲ, ಬರೀ ಕತ್ತಲೆ ಮತ್ತು ಅಲ್ಲಲ್ಲಿ ಕೇಳುವ ಕರೆಗಳು. ಒಳಹೊಕ್ಕವರು ತಮ್ಮದಲ್ಲದ ಹೆಸರಿಗೂ ತಿರುಗಿ ನೋಡುತ್ತಿದ್ದರು, ಎಷ್ಟೋ ಜನ ಕಣ್ಣೊರೆಸಿಕೊಂಡು ಹೊರಗೆ ಬರುತ್ತಿದ್ದರು. ಇದರಿಂದ ಏನು ಉಪಯೋಗ ಅಂತ ಕೇಳಿದವರೂ ಇದ್ದರು. ಉಪಯೋಗ ಹುಡುಕಿಕೊಂಡು ಬಂದವರು ಗಣಿ ಮತ್ತು ಸುರಂಗದ ಸುರಕ್ಷತೆಯ ಎಂಜಿನಿಯರುಗಳು.

ಅವರ ಹತ್ತಿರ ಒಂದು ಉಪಕರಣ ಇತ್ತು. ಬಂಡೆಗೆ ಎರಡು ಕಡೆ ರಂಧ್ರ ಕೊರೆದು ಎರಡು ಉದ್ದನೆಯ ಕಬ್ಬಿಣದ ಕೋಲು ಇಳಿಸುವುದು. ಒಂದೊಂದು ಕೋಲೂ ಬಂಡೆಯೊಳಗೆ ಹೊರಡಿಸುವ ಕಂಪನ ಮನುಷ್ಯರ ಕಿವಿಗೆ ನಿಲುಕದಷ್ಟು ಚುರುಕು. ಆದರೆ ಎರಡೂ ಕಂಪನ ಸೇರುವ ಜಾಗದಲ್ಲಿ ಪೊಳ್ಳಿದ್ದರೆ ಅಲ್ಲಿನ ಗಾಳಿ ನುಡಿಯುತ್ತದೆ. ಸುತ್ತ ಮಾರುಗಟ್ಟಲೆ ಕಲ್ಲಿದ್ದರೂ ಒಳಗಿರುವವನಿಗೆ ಮಗ್ಗುಲಲ್ಲೇ ನಿಂತು ಕರೆದಂತೆ ಕೇಳುತ್ತದೆ. ಅದೇ ಕೋಲುಗಳು ತಿರುಗಿ ಬರುವ ಉತ್ತರಕ್ಕೂ ಕಿವಿಗೊಡುತ್ತವೆ. ಮೊದಮೊದಲು ಅವರು ಸೈರನ್ ಕೇಳಿಸುತ್ತಿದ್ದರು, ಇಂಗ್ಲಿಷು ಹಿಂದಿಯಲ್ಲಿ ಸೂಚನೆ ಹೇಳಿಸುತ್ತಿದ್ದರು. ಅರ್ಧ ಎಚ್ಚರ ತಪ್ಪಿ ಬಿದ್ದವರು ಸೂಚನೆಗೆಲ್ಲ ಕಿವಿಗೊಡುವುದಿಲ್ಲ. ತನ್ನವರು ತನ್ನನ್ನು ಕರೆಯುವ ರೀತಿಯಲ್ಲೇ ಕರೆದರೆ ಮಾತ್ರ ಗಂಟಲು ತಾನಾಗಿ ಓಗೊಡುತ್ತದೆ ಅಂತ ಸುಮಂಗಲೆ ತೋರಿಸಿಕೊಟ್ಟಳು. ಅಂದಿನಿಂದ ಅದಕ್ಕೆ ಕರೆಗೋಲು ಅಂತ ಹೆಸರಾಯಿತು. ಕೆಲಸಕ್ಕೆ ಸೇರುವ ಪ್ರತಿಯೊಬ್ಬನೂ ಮನೆಯವರನ್ನು ಕರೆತಂದು ಅವರ ಕರೆಯನ್ನು ರೆಕಾರ್ಡ್ ಮಾಡಿಸಬೇಕು ಅನ್ನುವ ಕಟ್ಟಳೆಯೂ ಬಂತು.

ಒಂದೇ ತೊಂದರೆ. ಕರೆದಾಗ ಪೊಳ್ಳಿನ ಸುತ್ತಲಿನ ಸಡಿಲ ಕಲ್ಲು ಅದುರುತ್ತದೆ. ಆದ್ದರಿಂದ ಒಂದು ಜಾಗಕ್ಕೆ ಎರಡು ಕರೆ, ಅದಕ್ಕಿಂತ ಹೆಚ್ಚಿಗೆ ಕರೆದರೆ ಉಳಿದವನ ಮೇಲೆ ಉಳಿದದ್ದೂ ಬೀಳಬಹುದು.

ಇಂತಿಯಾಜ್, ಕರೆಗೋಲಿನ ಪರದೆಯ ಮುಂದೆ ಕೂತಿದ್ದ ಆಪರೇಟರ್, ಕೊಟ್ರೇಶನ ಹೆಸರು ತೆಗೆದ. ಅಲ್ಲಿದ್ದದ್ದು ಒಂದೇ ದನಿ, ಹೆಂಡತಿ ಶಿವಲೀಲಾಳದು. ಅದನ್ನು ಕೇಳಿಸಿದಾಗ ಸುಮಂಗಲೆಗೆ ರೆಕಾರ್ಡ್ ಮಾಡಿಸಿದ ದಿನ ನೆನಪಾಯಿತು. ಕೊಟ್ರೇಶ ತಾನೇ ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಿದ್ದ. ಗಂಡನ ಹೆಸರು ಹಿಡಿದು ಕರೆಯಮ್ಮಾ ಅಂದರೆ ಶಿವಲೀಲಾ ಕೆಂಪಾಗಿ ಸೆರಗು ಕಚ್ಚಿ ನಿಂತುಬಿಟ್ಟಿದ್ದಳು. ಅವಳೊಬ್ಬಳೇ ಏನು, ಆ ದಿನ ಬಂದ ಹೆಂಗಸರೆಲ್ಲ ಹಾಗೇ. ಜೀವಮಾನದಲ್ಲಿ ಬಾಯಿಗೆ ತಾರದ ಹೆಸರನ್ನು ಮೈಕಿನ ಮುಂದೆ ತಾ ಅಂದರೆ ಎಲ್ಲಿಂದ ತಂದಾರು? ಕೊಟ್ರೇಶ ಆಚೆ ನಿಂತು ನಕ್ಕಿದ್ದೇ ನಕ್ಕಿದ್ದು. ಬಲವಂತಕ್ಕೆ ಒಮ್ಮೆ ಹೆಸರು ಹೇಳಿದಳು, ಶಾಲೆಯಲ್ಲಿ ಹಾಜರಿ ಕೂಗಿದ ಹಾಗಿತ್ತು. ಆಮೇಲೆ ತನಗೆ ಬರುವುದನ್ನೇ ಹೇಳಿದಳು: "ರೀ... ಕೇಳಿಸ್ತೇನ್ರೀ?" ಮನೆ ಅನ್ನುವುದು ಇಡಿಯಾಗಿ ಅದರಲ್ಲಿತ್ತು. ಆದರೆ ಉಪಕರಣಕ್ಕೆ ಅದು ತಿಳಿಯಬೇಕಲ್ಲ? ಹೆಸರಿಲ್ಲದ ಕರೆ, ದನಿಯೂ ಸಣ್ಣದು, ಓಗೊಡುವ ಸಾಧ್ಯತೆ ಅರ್ಧಕ್ಕೂ ಕಡಿಮೆ ಅಂತ ತೋರಿಸಿತ್ತು. ಈಗಲೂ ಅಷ್ಟೇ ತೋರಿಸುತ್ತಿತ್ತು.

ಇದಾಗಲ್ಲ ಮೇಡಂ, ಬೇರೆ ಯಾರ ದನಿಯಾದರೂ ಇದೆಯಾ ಅಂತ ಇಂತಿಯಾಜ್ ಕೇಳಿದ. ನಿಮ್ಮದೇ ಹಾಕೋಣವಾ ಅಂದ. ಸುಮಂಗಲೆ ತಮ್ಮನನ್ನು ಕರೆದವಳೇ ಅಲ್ಲ, ಬೈದವಳು. ಅವಳ ದನಿಯಲ್ಲಿ ಎಳೆತವೇ ಇರಲಿಲ್ಲ. ಆಗ ಅವಳಿಗೆ ಅವ್ವ ನೆನಪಾದಳು.

ಅವ್ವ ಹಾಲಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳ ಈ ಕರೆಗಳ ಹುಚ್ಚಿಗೆ ಮೊದಲ ಗುರು ಅವಳೇ. ಸಂಜೆಗೆ ಮಾಳಿಗೆ ಏರಿ ಮಗನನ್ನು ಊಟಕ್ಕೆ ಕರೆದರೆ ಮೂರು ಓಣಿಯಾಚೆ ಆಡುತ್ತಿದ್ದ ಕೊಟ್ರೇಶ ಆಟ ಬಿಟ್ಟು ಓಡಿಬರುತ್ತಿದ್ದ. ಸುಮಂಗಲೆ ಕಾಲೇಜಿಗೆ ಹೋಗುವ ಕಾಲಕ್ಕೆ ಅದನ್ನು ಹಾಗೇ ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದಳು. ಯಾರಿಗೂ ಕೇಳಿಸಿರಲಿಲ್ಲ, ತಮ್ಮನಿಗೆ ಹಾಗೊಂದು ರೆಕಾರ್ಡ್ ಇರುವುದೇ ಗೊತ್ತಿರಲಿಲ್ಲ. ಈಗ ಫೋನಿನಿಂದ ಅದನ್ನು ಹಾಕಿದಳು.

"ಏ ಕೊಟ್ರ್ಯಾ... ಉಣ್ಣಾಕ ಬಾರೋ..."

ಓಗೊಡುವ ಸಾಧ್ಯತೆ ತುಂಬಿ ಬಂದು ಪರದೆ ಹಸಿರಾಯಿತು. ಇಂತಿಯಾಜ್ ಅಂಥ ಅಂಕಿಯನ್ನು ಕಂಡೇ ಇರಲಿಲ್ಲವಂತೆ.

ಹೊರಗೆ ಬೇವಿನ ಮರದ ಕೆಳಗೆ ಮನೆಯವರಿಗೆಂದು ಹಾಸಿದ್ದ ಜಮಖಾನೆಯ ಮೇಲೆ ಶಿವಲೀಲಾ ಕೂತಿದ್ದಳು. ಹಿಂದಿನ ದಿನದಿಂದ ಅನ್ನ ಮುಟ್ಟಿರಲಿಲ್ಲ. ಯಾರೋ ತಂದಿಟ್ಟ ಚಹಾ ಕೆನೆಗಟ್ಟಿ ತಣ್ಣಗಾಗಿತ್ತು. ನಿಯಮದ ಪ್ರಕಾರ ಯಾರ ದನಿ ಹಾಕಿದರೂ ಮನೆಯವರಿಗೆ ಹೇಳಬೇಕು. ಅವ್ವನ ದನಿ ಹಾಕುತ್ತೇವೆ ಅಂತ ಸುಮಂಗಲೆ ಬಂದು ಹೇಳಿದಾಗ ಅವಳು ಚಹಾದ ಲೋಟ ಪಕ್ಕಕ್ಕೆ ಸರಿಸಿದಳು. ಆಮೇಲೆ, "ಅತ್ತೆಮ್ಮ ತೀರಿಹೋದವರು ಅಕ್ಕಾ" ಅಂದಳು. "ಒಂದು ಕರೆ ಅವರದು ಹಾಕ್ರಿ. ಇನ್ನೊಂದು ನಂದಿರಲಿ."

ಸುಮಂಗಲೆ ಅವಳ ತಲೆ ನೇವರಿಸಿ, ಎರಡೇ ಕರೆ ಇರೋದು, ಒಂದನ್ನೂ ಕಳೆಯೋ ಹಾಗಿಲ್ಲ ಅಂದಳು. ನಿನ್ನ ದನಿಗೆ ಅಂಕಿ ಸಾಲೋದಿಲ್ಲ ಕಣೇ ಅಂತ ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಕೊಟ್ರ್ಯಾ ಅವ್ವ ಕರೆದರೆ ಸತ್ತಲ್ಲಿಂದಲೂ ಎದ್ದು ಬರ್ತಾನೆ ಅಂತ ಧೈರ್ಯ ಹೇಳಿದಳು. ಅಕ್ಕ ಓದಿದವಳು, ಇದೇ ವಿಷಯದಲ್ಲಿ ದೇಶ ಸುತ್ತಿದವಳು, ಅವಳಿಗೆ ಎದುರಾಡುವುದಾದರೂ ಹೇಗೆ? ಶಿವಲೀಲಾ ಹೂಂ ಅಂದಳು.

ಮೊದಲು ಎಡಗಡೆಯ ಕವಲು. ಒಬ್ಬನಿಗೆ ಅಪ್ಪನ ದನಿ, ಇನ್ನೊಬ್ಬನಿಗೆ ಪುಟ್ಟ ಮಗಳದು. ಮಗಳ ಕರೆ ಮುಗಿಯುವ ಮೊದಲೇ ಒಳಗಿನಿಂದ ಗಂಡಸಿನ ಗಂಟಲು ಒಡೆದು ಬಂತು, ಹಿಂದೆಯೇ ಇನ್ನೂ ಮೂರು ನಾಲ್ಕು. ಶೆಡ್ಡಿನ ಹೊರಗೆ ಜನ ಅಳುವುದೂ ನಗುವುದೂ ಒಟ್ಟಿಗೇ ಕೇಳಿಸಿತು. ಆಮೇಲೆ ಕೋಲುಗಳನ್ನು ಬಲಗಡೆಗೆ ಹೊರಳಿಸಿದರು. ದಿಬಾಕರನಿಗೆ ಹಾಕಲು ದನಿಯೇ ಇರಲಿಲ್ಲ, ಅವನ ಊರಿಗೆ ಹೋಗಿ ತರುವಷ್ಟು ಪುರುಸೊತ್ತು ಯಾರಿಗೂ ಆಗಿರಲಿಲ್ಲ. ಕೊಟ್ರೇಶ ಓಗೊಟ್ಟರೆ ಇಬ್ಬರಿಗೂ ಸಾಕು ಅಂದುಕೊಂಡರು.

ಅವ್ವ ಬಂಡೆಯೊಳಗೆ ಕರೆದಳು. ಸುಮಂಗಲೆ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದಳು. ಕಲ್ಲು ಉದುರುವ ಸದ್ದು, ಎಲ್ಲೋ ನೀರು ತೊಟ್ಟಿಕ್ಕುವ ಸದ್ದು, ಅಷ್ಟೇ. ಎರಡನೆಯ ಸಲ ಕರೆಯುವ ಮೊದಲು ಬೇಕಂತಲೇ ತುಸು ತಡೆದಳು. ಅವ್ವನೂ ಹಾಗೇ ಮಾಡುತ್ತಿದ್ದಳು, ಮೊದಲ ಕರೆಗೆ ಬಾರದಿದ್ದರೆ ಉಸಿರು ತೆಗೆದುಕೊಂಡು ಇನ್ನಷ್ಟು ಎಳೆದು ಕರೆಯುತ್ತಿದ್ದಳು. ಎರಡನೆಯ ಕರೆಯೂ ಹೋಯಿತು. ಅರ್ಧ ಗಂಟೆ ಕಾದರು. ಒಂದು ಕೆಮ್ಮು ಇಲ್ಲ, ಒಂದು ನರಳಿಕೆ ಇಲ್ಲ.

ಇಂತಿಯಾಜ್ ಅವಳ ಮುಖ ನೋಡದೆ, "ಓಗೊಡಲಿಲ್ಲ ಅಂತ ಬರೆಯಲಾ ಮೇಡಂ?" ಅಂತ ಕೇಳಿದ. ಅವಳೇ ಮಾಡಿದ ನಿಯಮ, ಬೇಡ ಅನ್ನಲು ಬಾಯಿ ಎಲ್ಲಿತ್ತು? ಬರಿ ಅಂದಳು. ಯಂತ್ರ ಎಡಕ್ಕೆ ತಿರುಗಿತು.

ಆ ದಿನಗಳಲ್ಲಿ ಮನೆ ಮನೆಯಾಗಿರಲಿಲ್ಲ. ಸುಮಂಗಲೆ ಮದುವೆಯಾಗದೆ ತಮ್ಮನ ಸಂಸಾರದ ಜೊತೆಗೇ ಮೇಲಿನ ಕೋಣೆಯಲ್ಲಿ ಇದ್ದವಳು. ಕೆಳಗೆ ಅಡಿಗೆಮನೆಯಲ್ಲಿ ಶಿವಲೀಲಾ ಮೂರು ಜನಕ್ಕಾಗುವಷ್ಟು ಜೋಳದ ಹಿಟ್ಟು ನಾದುತ್ತಿದ್ದಳು, ರೊಟ್ಟಿ ಬಡಿದು ಬುಟ್ಟಿಯಲ್ಲಿಡುತ್ತಿದ್ದಳು, ಯಾರೂ ಉಣ್ಣುತ್ತಿರಲಿಲ್ಲ. ಬಂದ ಬಂಧುಗಳು ಪಿಸುಮಾತಿನಲ್ಲಿ ಮುಂದಿನ ಕಾರ್ಯದ ಮಾತೆತ್ತಿದರೆ ಶಿವಲೀಲಾ ಎದ್ದು ಹೋಗುತ್ತಿದ್ದಳು. ದೇಹ ಕಾಣುವ ತನಕ ತಾಳಿ ಮುಟ್ಟಬ್ಯಾಡ್ರಿ ಅಂತ ಒಂದೇ ಮಾತು ಹೇಳಿದ್ದಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಅತ್ತುಬಿಡವ್ವಾ ಅಂತ ದೊಡ್ಡವರು ಬೆನ್ನು ಸವರಿದರೂ ಅವಳು ಕಲ್ಲಿನ ಹಾಗೆ ಕೂತಿರುತ್ತಿದ್ದಳು. ಸುಮಂಗಲೆಗೆ ಅವಳ ಎದುರು ಕೂರಲಿಕ್ಕೆ ಆಗುತ್ತಿರಲಿಲ್ಲ, ಯಾಕೆ ಅಂತ ಅವಳಿಗೇ ತಿಳಿಯುತ್ತಿರಲಿಲ್ಲ. ಮಾಡುವುದನ್ನೆಲ್ಲ ಸರಿಯಾಗಿಯೇ ಮಾಡಿದ್ದೇನೆ ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಎಡಗಡೆಯ ಐದೂ ಜನ ಜೀವಂತ ಬಂದರು. ಪತ್ರಿಕೆಯವರು ಕರೆಗೋಲಿನ ಫೋಟೋ ಹಾಕಿದರು. ಮಂತ್ರಿಗಳು ಬಂದು ಸುಮಂಗಲೆಗೆ ಶಾಲು ಹೊದಿಸಲು ನೋಡಿದರು, ಅವಳು ಕೈಮುಗಿದು ತಪ್ಪಿಸಿಕೊಂಡಳು. ಆಮೇಲೆ ಯಂತ್ರ ಬಲಕ್ಕೆ ಬಂತು. ಇನ್ನು ಅವಸರವೇನಿಲ್ಲ ಅಂತ ಎಲ್ಲರ ಮನಸ್ಸಿನಲ್ಲಿ, ಹೆಣ ತೆಗೆಯಲು ಹೋಗುವವರ ನಡಿಗೆಯೇ ಬೇರೆ. ವಾರ ತುಂಬುವ ಹೊತ್ತಿಗೆ ಬಂಡೆ ತೂತಾಯಿತು, ಒಳಗಿನಿಂದ ಯಾರೋ ಕಲ್ಲಿನಿಂದ ಕಲ್ಲು ಕುಟ್ಟುವ ಸದ್ದು ಬಂತು.

ದಿಬಾಕರ ಬದುಕಿದ್ದ. ಕಾಲು ಕಲ್ಲಿನಡಿ ಸಿಕ್ಕಿತ್ತು, ಜಿನುಗುವ ನೀರು ಕುಡಿದು ಜೀವ ಹಿಡಿದುಕೊಂಡಿದ್ದ. ಅವನ ಮಗ್ಗುಲಲ್ಲೇ ಕೊಟ್ರೇಶ ಇದ್ದ. ಅವನ ಪಕ್ಕೆಲುಬು ಮುರಿದು ಒಳಗೆ ರಕ್ತ ಕಟ್ಟಿತ್ತು. ಜೀವ ಹೋಗಿ ಹೆಚ್ಚು ಹೊತ್ತಾಗಿರಲಿಲ್ಲ, ಎರಡು ದಿನ ಮೊದಲು ತಂದಿದ್ದರೆ ಉಳಿಸಿಕೊಳ್ಳಬಹುದಿತ್ತು ಅಂತ ಡಾಕ್ಟರು ಹೇಳಿದರು. ಡಾಕ್ಟರ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತು ಸುಮಂಗಲೆಗೆ. ಹಾಗಾದರೆ ಕರೆದಾಗ ಬದುಕಿದ್ದ. ಬದುಕಿದ್ದವನು ಯಾಕೆ ಓ ಅನ್ನಲಿಲ್ಲ?

ಮಣ್ಣು ಮುಗಿದು ಎರಡು ದಿನದ ಮೇಲೆ ಅವಳು ಆಸ್ಪತ್ರೆಗೆ ಹೋದಳು. ದಿಬಾಕರ ಮಂಚಕ್ಕೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದ. ನಾಲ್ಕು ವರ್ಷದಲ್ಲಿ ಕಲಿತ ಮುರುಕು ಕನ್ನಡ, ನಡುನಡುವೆ ಹಿಂದಿ. ಮೇಸ್ತ್ರಿಯ ಅಕ್ಕ ಅಂತ ತಿಳಿದ ಕೂಡಲೇ ಅವನು ಬಟ್ಟಲು ಕೆಳಗಿಟ್ಟ.

ಕರೆ ಇಬ್ಬರಿಗೂ ಚೆನ್ನಾಗಿ ಕೇಳಿಸಿತ್ತಂತೆ. ಕಿವಿಯ ಹತ್ತಿರವೇ ಒಬ್ಬ ಹೆಂಗಸು ನಿಂತು ಕರೆದ ಹಾಗೆ. ದಿಬಾಕರ ಕೂಗಲು ಬಾಯಿ ತೆರೆದಿದ್ದನಂತೆ. ಮೇಸ್ತ್ರಿ ತೆವಳಿ ಬಂದು ಅವನ ಬಾಯಿಗೆ ಕೈ ಅಡ್ಡ ಒತ್ತಿ ಕಿವಿಯಲ್ಲಿ ಉಸುರಿದ. ಆ ಮಾತುಗಳನ್ನು ದಿಬಾಕರ ಇದ್ದ ಹಾಗೇ ಒಪ್ಪಿಸಿದ, ಮರೆಯಲು ಆಗಿರಲಿಲ್ಲ ಅವನಿಗೆ.

"ಓ ಅನ್ನಬ್ಯಾಡ. ನಮ್ಮವ್ವ ಅದು. ಸತ್ತು ಎರಡು ವರ್ಷಾತು. ಓ ಅಂದ್ರ ಕರ್ಕೊಂಡು ಹೋಗ್ತಾಳ, ನಿನ್ನೂ ಬಿಡಂಗಿಲ್ಲ."

ಇದು ಕರೆಗೋಲು ಇರಬೇಕು ಅಂತ ದಿಬಾಕರ ಬೆರಳ ಸಂದಿಯಿಂದ ಪಿಸುಗುಟ್ಟಿದ್ದಕ್ಕೆ ಮೇಸ್ತ್ರಿ ಅಲ್ಲ ಅಂದಿದ್ದನಂತೆ. ಕೋಲಿನೊಳಗೆ ಇರೋದು ನನ್ನ ಹೆಂಡತಿ ದನಿ, ನಾನೇ ಕರ್ಕೊಂಡು ಹೋಗಿ ಹಾಕಿಸೀನಿ ಅಂದಿದ್ದ. ನಮ್ಮಕ್ಕ ಮೇಲೆ ಕೂತಿರ್ತಾಳ, ಅಕಿ ಸುಮ್ಮನಿರೋದಿಲ್ಲ, ನಮ್ಮಾಕಿ ರೀ ಅಂತ ಕರೀತಾಳ, ಆಗ ಇಬ್ರೂ ಕೂಡಿ ಓ ಅನ್ನೋಣ ಅಂದಿದ್ದ. ಎರಡನೆಯ ಸಲ ಅವ್ವ ಕರೆದಾಗ ಅವನು ಅಳುತ್ತಿದ್ದನಂತೆ, ಆದರೆ ದಿಬಾಕರನ ಬಾಯಿಯ ಮೇಲಿನ ಕೈ ಸಡಿಲಿಸಲಿಲ್ಲ.

ಸುಮಂಗಲೆ ಮಂಚದ ಕಂಬಿ ಹಿಡಿದುಕೊಂಡಳು. ಮುಸ್ಸಂಜೆಯ ಮೇಲೆ, ಕತ್ತಲಲ್ಲಿ, ಕಾಣದ ದನಿಯೊಂದು ಹೆಸರು ಹಿಡಿದು ಕರೆದರೆ ಓ ಅನ್ನಬಾರದು, ಮೂರನೆಯ ಸಲ ಕರೆದರೆ ಮಾತ್ರ ಮನುಷ್ಯರು ಅಂತ ತಿಳಿಯಬೇಕು, ಸತ್ತವರ ಕರೆಗಂತೂ ಎಷ್ಟು ಸಲ ಆದರೂ ಬಾಯಿ ಬಿಡಬಾರದು ಅಂತ ಅವರ ಮನೆಯಲ್ಲಿ ಎಳೆಯ ಮಕ್ಕಳಿಗೂ ಗೊತ್ತಿತ್ತು. ಹೇಳಿಕೊಟ್ಟವಳು ಅವ್ವನೇ. ಸುಮಂಗಲೆ ಅದರ ಮೇಲೆ ಸೆಮಿನಾರುಗಳಲ್ಲಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದಳು. ಮಾತಾಡುವಾಗ ಅದು ಜನರ ನಂಬಿಕೆ, ಶೆಡ್ಡಿನಲ್ಲಿ ಕೂತಾಗ ಅದು ಅವಳ ನೆನಪಿಗೂ ಬರಲಿಲ್ಲ. ಹಸಿರು ಅಂಕಿ ಬಂತಲ್ಲ, ಅಷ್ಟೇ ನೋಡಿದಳು. ಎಂಥ ಪಾಪಿ ನಾನು ಅಂದುಕೊಂಡಳು. ತಮ್ಮ ಕೇಳಿಸಿಕೊಳ್ಳದೆ ಸಾಯಲಿಲ್ಲ, ಬದುಕಬೇಕು ಅಂತಲೇ ಬಾಯಿ ಕಟ್ಟಿಕೊಂಡು ಕೂತಿದ್ದ. ಅವಳು ಶೆಡ್ಡಿನಲ್ಲಿ ಹೆಡ್‌ಫೋನ್ ಒತ್ತಿಕೊಂಡು ಕೂತಿದ್ದಳು, ಅವನು ಬಂಡೆಯೊಳಗೆ ಉಸಿರು ಬಿಗಿಹಿಡಿದು ಕೂತಿದ್ದ, ಒಬ್ಬರಿಗೊಬ್ಬರು ಕಾಯುತ್ತ.

ದಿಬಾಕರ ಹೇಳುವುದು ಇನ್ನೂ ಇತ್ತು. ಹೇಳಲೋ ಬೇಡವೋ ಅಂತ ಅನುಮಾನಿಸಿದ. ಹೇಳಪ್ಪಾ ಅಂದಳು.

ದಿನಗಳು ಹೋದವಂತೆ. ಮೇಸ್ತ್ರಿ ಕಿವಿಗೊಟ್ಟು ಕಾದೇ ಕಾದ. ಮಾತು ಕಡಿಮೆಯಾಯಿತು. ಕೊನೆಗೊಮ್ಮೆ, ಶಿವಲೀಲಾ ಕರೀಲೇ ಇಲ್ಲ ನೋಡು ಅಂದ. ಕೋಪದಿಂದಲ್ಲ, ಮಳೆ ಬರಲಿಲ್ಲ ನೋಡು ಅಂದ ಹಾಗೆ. ಆಮೇಲೆ ಯಾರೂ ಕರೆಯದಿದ್ದರೂ ಕತ್ತಲೆಯ ಕಡೆ ಮುಖ ಮಾಡಿ, "ಬಂದೆ ಯವ್ವಾ" ಅಂದ. ಜೋರಾಗಿಯೇ ಅಂದ. ಅಷ್ಟು ಗಟ್ಟಿಯಾಗಿ ಅವನು ಒಳಗೆ ಅದುವರೆಗೆ ಮಾತಾಡಿರಲಿಲ್ಲವಂತೆ. ಆ ಹೊತ್ತಿಗೆ ಕರೆಗೋಲುಗಳನ್ನು ಕಿತ್ತು ಒರೆಸಿ ಪೆಟ್ಟಿಗೆಯಲ್ಲಿ ಇಟ್ಟಾಗಿತ್ತು.

ಸುಮಂಗಲೆ ಮನೆಗೆ ಬಂದಾಗ ಶಿವಲೀಲಾ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಬಳೆಯಿಲ್ಲದ ಕೈ, ಖಾಲಿ ಹಣೆ. ಬಂಧುಗಳೆಲ್ಲ ಹೊರಟುಹೋಗಿದ್ದರು. ಆಸ್ಪತ್ರೆಗೆ ಹೋಗಿದ್ದು ಅವಳಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ಸುಮಂಗಲೆ ನಿಜ ಹೇಳಿಬಿಡಬೇಕು ಅಂತಲೇ ಬಂದಿದ್ದಳು. ಕಾಲಿಗೆ ಬಿದ್ದಾದರೂ ಹೇಳಬೇಕು, ಬಯ್ಯಲಿ, ಹೊಡೆಯಲಿ ಅಂತ. ಆ ಮುಖ ನೋಡಿದ ಮೇಲೆ ಕಾಲಿಗೆ ಬೀಳುವುದು ಬಿಟ್ಟು ಪಕ್ಕದಲ್ಲಿ ಕೂತಳು.

"ಕಡೀಗೆ ಏನರ ಅಂದ್ರಂತ ಅಕ್ಕಾ?" ಅಂತ ಶಿವಲೀಲಾ ಕೇಳಿದಳು.

"ಬಂದೆ ಅಂದನಂತ."

"ಯಾರಿಗೆ?"

"ನಿನಗ."

ಶಿವಲೀಲಾ ನಿಧಾನವಾಗಿ ತಿರುಗಿ ಅವಳನ್ನು ನೋಡಿದಳು. "ಹಂಗಾರ ನನ್ನ ದನಿನೂ ಹಾಕಿದ್ರೇನು?"

"ಹ್ಞೂಂ. ಹಾಕಿದ್ವಿ."

ಇಷ್ಟು ದಿನದಲ್ಲಿ ಮೊದಲ ಸಲ ಶಿವಲೀಲಾ ಅತ್ತಳು. ಬಾಯಿಗೆ ಸೆರಗು ತುರುಕಿಕೊಂಡು, ಮೈ ಎಲ್ಲ ಅಲುಗಾಡಿ ಅತ್ತಳು. ಕೇಳಿಸ್ತಲ್ಲ ಅವರಿಗೆ, ನಾ ಕರದದ್ದು ಕೇಳಿಸ್ತಲ್ಲ ಅಂತ ಅದನ್ನೇ ಅಂದಳು. ಸುಮಂಗಲೆ ಅವಳನ್ನು ಎದೆಗೆ ಒತ್ತಿಕೊಂಡು ಬೆನ್ನು ಸವರಿದಳು. ಒಂದು ಸುಳ್ಳಿನಿಂದ ಈ ಜೀವಕ್ಕೆ ಇಷ್ಟು ನೆಮ್ಮದಿ ಆದರೆ ಆಗಲಿ, ನಿಜ ತನ್ನ ಹೊಟ್ಟೆಯಲ್ಲೇ ಇರಲಿ ಅಂದುಕೊಂಡಳು. ಹೊರಗೆ ತರಕಾರಿ ಗಾಡಿಯವನು ಕೂಗುತ್ತ ಓಣಿ ದಾಟಿ ಹೋದ.

ಅಳು ತಗ್ಗಿತು. ಶಿವಲೀಲಾ ಮುಖ ಒರೆಸಿಕೊಂಡಳು. ಮತ್ತೆ ಏನೋ ಯೋಚಿಸುವವಳ ಹಾಗೆ ನೆಲ ನೋಡುತ್ತ ಕೂತಳು. ಆಮೇಲೆ ಅವಳ ಮೈ ಬಿಗಿಯಾದದ್ದು ಸುಮಂಗಲೆಯ ಕೈಗೆ ತಿಳಿಯಿತು.

"ಓಗೊಟ್ಟವರ ಕಡೆ ಮೊದಲು ಹೋಗ್ತೀವಿ ಅಂದಿದ್ರಲ್ಲ ಅಕ್ಕಾ," ಅಂದಳು. "ನನ್ನ ಕರೀಗೆ ಅವರು ಬಂದೆ ಅಂದಿದ್ರ ಕೋಲಿನಾಗ ನಿಮಗೂ ಕೇಳಿಸಿರಬೇಕಲ್ಲ, ಯಾಕ ಬಿಟ್ಟು ಬಂದ್ರಿ?"

ಸುಮಂಗಲೆಯ ಕೈ ಅವಳ ಬೆನ್ನ ಮೇಲೆ ನಿಂತುಬಿಟ್ಟಿತು. ಶಿವಲೀಲಾ ದೂರ ಸರಿದು ಅವಳ ಮುಖವನ್ನೇ ನೋಡುತ್ತಿದ್ದಳು.

"ಅಕ್ಕಾ," ಅಂದಳು. ಸ್ವಲ್ಪ ತಡೆದು ಮತ್ತೊಮ್ಮೆ, "ಅಕ್ಕಾ."

ಸುಮಂಗಲೆ ಓ ಅನ್ನಲಿಲ್ಲ.